ಪರದೇಶದಲ್ಲಿ ಒಂದು ದಿನದ ಪಡಿಪಾಟಲು

"ದೇಶ ಸುತ್ತು, ಕೋಶ ಓದು" ಎಂಬ ನಾಣ್ಣುಡಿಯನ್ನು ನಮ್ಮ ಶಾಲೆಯ ಕರಿಹಲಗೆಯ ಮೇಲೆ ದುಂಡಗಿನ ಅಕ್ಷರಗಳಿಂದ ಬರೆಯದೆ ಹೋದ ವರ್ಷವಿರಲಿಲ್ಲ. ಕೋಶವನ್ನು ಓದುವ ಬಗೆಯನ್ನು ಗುರುಗಳು ಕಲಿಸಿಕೊಟ್ಟರು. ದೇಶವನ್ನು ಸುತ್ತುವ ಬಗೆಯನ್ನಾದರೋ ಸುತ್ತಿಯೇ ಕಲಿಯತಕ್ಕದ್ದಾಗಿದೆ. ಶಾಲೆಯ ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಕಳುಹಿಸಬೇಕೆಂದು ಅಪ್ಪಣೆಯಾದಾಗ, ನಾವು ಕಂಡ ಅರಮನೆಗಳನ್ನೂ ಉದ್ಯಾನಗಳನ್ನೂ ವರ್ಣಿಸುವದಕ್ಕಿಂತ, ಒಂದು ದಿನದಲ್ಲಿ ನಮಗೊದಗಿದ ವಿಘ್ನಗಳನ್ನು ಬರೆದರೆ ಕಿರಿಯ ಸೋದರಿಯರಿಗೆ ಹೆಚ್ಚು ಪ್ರಯೋಜನವಾದೀತೆಂದು ತೋರಿತು. ಯಾಕಂದರೆ ಅರಮನೆಗಳ ವರ್ಣನೆ ಪುಸ್ತಕಗಳಲ್ಲಿ ಬೇಕಾದಷ್ಟು ಸಿಕ್ಕುತ್ತದೆ. ಕಳೆದುಹೋದ ಪೆಟ್ಟಿಗೆಯ ವರ್ಣನೆ ಅಷ್ಟಾಗಿ ಸಿಕ್ಕುವದಿಲ್ಲ.

ಹೆಂಗಸರು ಪರದೇಶಕ್ಕೆ ಹೋಗುವದು ಹೊಸ ಸಂಗತಿಯಲ್ಲ. ಕಾರ್ಕಳದ ಹತ್ತಿರ ಮಾಳದ ಕಾಡಿನಲ್ಲಿ 1858 ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1883 ರಲ್ಲಿ ತಮ್ಮ ಪುಟ್ಟ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದರು. ಅದೇ ವರ್ಷ ಆನಂದೀಬಾಯಿ ಜೋಶಿಯವರು ಗಂಡನನ್ನು ಇಲ್ಲಿಯೇ ಬಿಟ್ಟು ವೈದ್ಯವಿದ್ಯೆಗಾಗಿ ಕಲಕತ್ತೆಯಿಂದ ಅಮೇರಿಕೆಗೆ ಹೊರಟರು. 1886 ರಲ್ಲಿ ಪದವಿಯನ್ನು ಪಡೆದರು. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರೀ ಚಟರ್ಜಿಯವರು 1947 ರಲ್ಲಿ ಹಡಗಿನಿಂದ ಅಮೇರಿಕೆಗೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿ ಬಂದರು. ಈ ಮಹನೀಯರ ಪ್ರವಾಸಗಳ ಮುಂದೆ ನಮ್ಮದು ಯಾವ ಲೆಕ್ಕಕ್ಕೂ ಬಾರದು. ಆದಾಗ್ಯೂ, ಎಪ್ಪತ್ತು ವರ್ಷದ ಮುದುಕಿಯೊಬ್ಬಳು ಬೆಳಗಾವಿಯ ರಾಮತೀರ್ಥನಗರದ ತನ್ನ ಮನೆಗೆ ಕೀಲಿ ಹಾಕಿ, ಯಾರ ಜೊತೆಯೂ ಇಲ್ಲದೆ ಪೋರ್ತುಗಾಲಕ್ಕೆ ಹೋದಳೆಂದರೆ ಓಣಿಯವರು ಬೆರಗಾದದ್ದು ನಿಜ. "ಇದೇನ ಬಾಯಾರs, ಈ ವಯಸ್ಸಿನಾಗ ಒಬ್ಬರs?" ಎಂದು ಕೇಳಿದವರಿಗೆ, "ಒಬ್ಬರೇ ಅಲ್ಲ, ನಾವು!" ಎಂದು ಉತ್ತರ ಕೊಟ್ಟು ಹೊರಟೆವು.

ಪೋರ್ತುಗಾಲವೇ ಯಾಕೆ ಎಂದು ಕೇಳಿದರೆ ಸ್ವಲ್ಪ ಹಿಂದಿನ ಮಾತು ಹೇಳಬೇಕಾಗುತ್ತದೆ. ಬೆಳಗಾವಿಯವರಾದ ನಮಗೆ ಪರದೇಶವೆಂಬುದು ಒಂದು ಕಾಲಕ್ಕೆ ಸಮುದ್ರದಾಚೆ ಇರಲಿಲ್ಲ. ಖಾನಾಪುರ ಲೋಂಡಾಗಳನ್ನು ದಾಟಿದರೆ ಘಟ್ಟದ ಕೆಳಗೇ ಇತ್ತು. ಗೋವೆಯು 1961 ನೆಯ ಇಸವಿಯ ಡಿಸೆಂಬರ 19 ರ ವರೆಗೆ ಪೋರ್ತುಗೀಜರ ಆಳಿಕೆಯಲ್ಲಿತ್ತು. ಲೋಂಡಾದಿಂದ ಇಳಿಯುವ ರೈಲಿಗೆ ಕ್ಯಾಸಲ್ ರಾಕಿನಲ್ಲಿ ನಮ್ಮ ಸುಂಕದ ಕಟ್ಟೆ, ದೂಧಸಾಗರದ ಕೆಳಗೆ ಕುಳೆಯಲ್ಲಿ ಅವರ ಸುಂಕದ ಕಟ್ಟೆ. 1955 ರ ಸತ್ಯಾಗ್ರಹದ ಕಾಲಕ್ಕೆ ಗಡಿಯ ಬಂದೋಬಸ್ತು ಬಿಗಿಯಾಯಿತು. ನೂರು ಮೈಲಿಗೂ ಕಡಿಮೆ ದೂರದ ತವರುಮನೆಗೆ ಹೋಗಲು ಹೆಣ್ಣುಮಕ್ಕಳು ಪರವಾನಿಗೆಯ ಕಾಗದಕ್ಕಾಗಿ ಕಾಯಬೇಕಾಯಿತು. ಕೊನೆಗೆ 1961 ರಲ್ಲಿ ಭಾರತದ ಸೈನ್ಯವು ನಮ್ಮ ಬೆಳಗಾವಿಯಲ್ಲಿಯೇ ನೆರೆದು ಘಟ್ಟವಿಳಿಯಿತು. ಆಗ ನಾವು ಎಂಟು ವರ್ಷದವರು. ರಸ್ತೆಯ ತುಂಬ ಸೈನಿಕರ ವಾಹನಗಳ ಸಾಲು ನಮ್ಮ ನೆನಪಿನಲ್ಲಿ ಇನ್ನೂ ಇದೆ.

ಗಡಿ ಅಳಿದ ಎರಡು ವರ್ಷಗಳ ತರುವಾಯ ನಮ್ಮ ಶಾಲೆಯ ವಸತಿಗೃಹಕ್ಕೆ ಒಬ್ಬ ಹುಡುಗಿ ಬಂದಳು. ತಂದೆಗೆ ಲೋಂಡಾದಲ್ಲಿ ರೈಲಿನ ಚಾಕರಿ. ತಾಯಿಯ ತವರು ಮಡಗಾವಿ. ಹುಟ್ಟಿದ್ದು ಅಲ್ಲಿಯೇ, 1953 ರಲ್ಲಿ. ಮನೆಮಾತು ಕೊಂಕಣಿಯಾದರೂ ನಮ್ಮೊಡನೆ ಆರು ತಿಂಗಳಲ್ಲಿ ಅಚ್ಚ ಬೆಳಗಾವಿಯ ಕನ್ನಡ ಕಲಿತಳು. ಏಳು ವರ್ಷ ಒಂದೇ ಬೆಂಚಿನ ಮೇಲೆ ಕುಳಿತೆವು. ಮುಂದೆ ಅವಳು ಮದುವೆಯಾಗಿ ಗೋವೆಗೆ ಹೋದಳು. 1961 ಕ್ಕಿಂತ ಮೊದಲು ಗೋವೆಯಲ್ಲಿ ಹುಟ್ಟಿದವರಿಗೆ ಪೋರ್ತುಗೀಜ ಪ್ರಜೆಯಾಗುವ ಹಕ್ಕಿದೆಯಷ್ಟೆ. ಹಾಗೆ ಸಾವಿರಾರು ಮನೆತನಗಳಂತೆ ಅವಳ ಮನೆತನವೂ ಲಿಸ್ಬನ್ನಿಗೆ ವಲಸೆ ಹೋಯಿತು. ಪತಿ ತೀರಿಕೊಂಡರು, ಮಗಳು ಲಂಡನ್ನಿನಲ್ಲಿ ನೌಕರಿ ಹಿಡಿದಳು, ನಮ್ಮ ಸಖಿ ಲಿಸ್ಬನ್ನಿನ ಹೊರವಲಯದ ಕೆಲೂಶ್ ಎಂಬ ಊರಿನಲ್ಲಿ ವೃದ್ಧರ ಶುಶ್ರೂಷಾಗೃಹವನ್ನು ಸೇರಿದಳು. "ಅಮ್ಮನ ನೆನಪು ದಿನೇ ದಿನೇ ಮಾಸುತ್ತಿದೆ. ಬರುವ ಮನಸ್ಸಿದ್ದರೆ ಬೇಗ ಬನ್ನಿ" ಎಂದು ಮಗಳು ನಮಗೆ ಬರೆದಳು. ನಾವು 2023 ನೆಯ ಇಸವಿಯ ಫೆಬ್ರುವರಿಯಲ್ಲಿ ಹೊರಟ ಕಾರಣವಿಷ್ಟೇ. ಭೇಟಿಯ ವೇಳೆ ಮಧ್ಯಾಹ್ನ ಮೂರರಿಂದ ಐದು ಗಂಟೆಯ ತನಕ ಮಾತ್ರ ಎಂದೂ ಆ ಪತ್ರದಲ್ಲಿತ್ತು.

ವಿಘ್ನಗಳ ಮೆರವಣಿಗೆ ಇನ್ನು ಆರಂಭವಾಗುತ್ತದೆ. ಭಾರತದಿಂದ ಲಿಸ್ಬನ್ನಿಗೆ ನೇರ ವಿಮಾನವಿರಲಿಲ್ಲವಾದ್ದರಿಂದ ನಡುವೆ ಒಂದು ಕಡೆ ಇಳಿದು ಹತ್ತಬೇಕಾಯಿತು. ಎರಡನೆಯ ವಿಮಾನದ ಬಾಗಿಲಲ್ಲಿ, ಒಳಗೆ ಜಾಗವಿಲ್ಲವೆಂದು ಹೇಳಿ, ನಮ್ಮ ಕೈಚೀಲವನ್ನೂ ಸಿಬ್ಬಂದಿಯವರು ಇಸಗೊಂಡು ಕೆಳಗಿನ ಸಾಮಾನಿನೊಡನೆ ಸೇರಿಸಿದರು. ಬೆಳಿಗ್ಗೆ ಏಳು ಗಂಟೆಗೆ ಲಿಸ್ಬನ್ನಿನಲ್ಲಿಳಿದು, ಸಾಮಾನು ಸುತ್ತುವ ಪಟ್ಟಿಯ ಬಳಿ ಒಂದೂವರೆ ತಾಸು ನಿಂತೆವು. ಎಲ್ಲರ ಪೆಟ್ಟಿಗೆಗಳೂ ಬಂದವು. ವಾರಸುದಾರರಿಲ್ಲದ ಒಂದು ಮಗುವಿನ ಗಾಡಿ ಹದಿನಾರು ಸಲ ನಮ್ಮ ಮುಂದೆ ಸುತ್ತಿ ಹೋಯಿತು. ನಮ್ಮ ಪೆಟ್ಟಿಗೆಯಾಗಲಿ ಕೈಚೀಲವಾಗಲಿ ಬರಲಿಲ್ಲ. ಪೆಟ್ಟಿಗೆಯಲ್ಲಿ ಬಟ್ಟೆ, ಕೊಡೆ, ಗೋಕಾಕದ ಕರದಂಟು ಇದ್ದವು. (ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ಪ್ರವಾಸಿಕರು ಒಯ್ಯಲು ಅಪ್ಪಣೆಯಿಲ್ಲವಾದ್ದರಿಂದ ಬೆಳಗಾವಿಯ ಕುಂದಾ ಮನೆಯಲ್ಲಿಯೇ ಉಳಿದಿತ್ತು.) ಕೈಚೀಲದಲ್ಲಿ ನಮ್ಮ ರಕ್ತದ ಒತ್ತಡದ ಗುಳಿಗೆಗಳೂ, ಸಖಿಗೆಂದು ತಂದಿದ್ದ 1970 ರ ನಮ್ಮ ತರಗತಿಯ ಛಾಯಾಚಿತ್ರವೂ ಇದ್ದವು.

ಕಚೇರಿಯ ಕಿಟಕಿಯಲ್ಲಿ ಒಬ್ಬ ತರುಣನು ನಮ್ಮ ಮುಖವನ್ನು ನೋಡದೆಯೇ ಒಂದು ನಮೂನೆಯನ್ನು ತುಂಬಿಸಿ, "ನಾಳೆ ಬರಬಹುದು" ಎಂದನು. ಅದು ಎಲ್ಲಿದೆ ಎಂದು ಕೇಳಿದರೆ, "ಪ್ರಯಾಣದಲ್ಲಿದೆ" ಎಂದನು. ನಮಗಿಂತಲೂ ಹೆಚ್ಚು ದೇಶಗಳನ್ನು ನಮ್ಮ ಪೆಟ್ಟಿಗೆ ನೋಡುತ್ತಿರಬಹುದೆಂದು ಸಮಾಧಾನ ತಂದುಕೊಂಡೆವು. ಆ ನಮೂನೆಯ ಪ್ರತಿಯನ್ನು ಮಾತ್ರ ಬಿಡಲಿಲ್ಲ. 1999 ರ ಮಾಂಟ್ರಿಯಲ್ ಒಡಂಬಡಿಕೆಯ ಪ್ರಕಾರ, ಸಾಮಾನು ತಡವಾಗಿ ಬಂದರೆ ಅದು ಕೈಸೇರಿದ 21 ದಿನಗಳೊಳಗೆ ಬರವಣಿಗೆಯಲ್ಲಿ ದೂರು ಕೊಡತಕ್ಕದ್ದು. 21 ದಿನವಾದರೂ ಬಾರದಿದ್ದರೆ ಕಳೆದುಹೋಯಿತೆಂದು ಭಾವಿಸಿ ಪರಿಹಾರ ಕೇಳಬಹುದು. ಭಾರತವೂ 2009 ರಲ್ಲಿ ಈ ಒಡಂಬಡಿಕೆಗೆ ಸೇರಿದೆ. ಕಾಗದವಿಲ್ಲದವರ ಮಾತನ್ನು ಯಾವ ದೇಶದಲ್ಲಿಯೂ ಕೇಳುವವರಿಲ್ಲ.

ಎರಡನೆಯ ವಿಘ್ನವು ಹಣದ್ದು. ನಮ್ಮ ದೇಶದ ಬ್ಯಾಂಕಿನ ಕಾರ್ಡುಗಳನ್ನು ಪರದೇಶದಲ್ಲಿ ಬಳಸಬೇಕಾದರೆ ಮೊದಲೇ ಹೇಳಿ ತೆರೆಯಿಸಬೇಕೆಂಬ ನಿಯಮವು 2020 ರಿಂದ ಇದೆ. ನಾವು ಶಾಖೆಗೆ ಹೋಗಿ, ಅರ್ಜಿ ಬರೆದು, ರುಜು ಮಾಡಿ, "ಆಯಿತು, ಇನ್ನು ಚಿಂತೆಯಿಲ್ಲ" ಎಂಬ ಮಾತನ್ನೂ ಪಡೆದು ಬಂದಿದ್ದೆವು. ಲಿಸ್ಬನ್ನಿನ ಯಂತ್ರವಾದರೋ ಮೂರು ಸಲವೂ ಕಾರ್ಡನ್ನು ಹೊರಗೆ ಚಾಚಿತು. ಬ್ಯಾಂಕಿನ ಗುಪ್ತಸಂಖ್ಯೆ ಬರಬೇಕಾದದ್ದು ನಮ್ಮ ಮೊಬೈಲಿಗೆ. ಪರದೇಶದಲ್ಲಿಯೂ ನಡೆಯುತ್ತದೆಂದು ಹಣ ಕಟ್ಟಿಸಿಕೊಂಡಿದ್ದ ಆ ಮೊಬೈಲು ವಿಮಾನದಿಂದಿಳಿದಂದಿನಿಂದ ಮೌನವ್ರತ ಹಿಡಿದಿತ್ತು. ಲಂಡನ್ನಿನ ಮಗಳಿಗೆ ಒಂದು ಮಾತು ತಿಳಿಸುವ ದಾರಿಯೂ ಹೀಗೆ ಮುಚ್ಚಿತು. ಸೆರಗಿನ ಒಳಚೀಲದಲ್ಲಿ ಅರವತ್ತು ಯೂರೋ ನೋಟುಗಳಿದ್ದವು. ಆಗಿನ ದರಕ್ಕೆ ಒಂದು ಯೂರೋ ಎಂದರೆ ಹೆಚ್ಚುಕಡಿಮೆ ತೊಂಬತ್ತು ರೂಪಾಯಿ. ಅದೇ ನಮ್ಮ ಸಕಲ ಸಂಪತ್ತು.

ನಗರದ ಅಂಗಡಿಯ ಮುಂದೆ ಹಸಿರು ಶಿಲುಬೆಯ ದೀಪ ಉರಿಯುತ್ತಿದ್ದರೆ ಅದು ಔಷಧಾಲಯವೆಂದು ತಿಳಿಯತಕ್ಕದ್ದು. ಒಳಗಿನ ಹೆಣ್ಣುಮಗಳಿಗೆ ವೈದ್ಯರ ಚೀಟಿಯನ್ನು ತೋರಿಸಿದೆವು. ಅದರಲ್ಲಿದ್ದ ಕಂಪನಿಯ ಹೆಸರು ಅವಳಿಗೆ ತಿಳಿಯಲಿಲ್ಲ. ಅದರ ಕೆಳಗೆ ವೈದ್ಯರು ಔಷಧದ ಮೂಲ ಹೆಸರಾದ ಅಮ್ಲೋಡಿಪಿನ್ ಎಂಬುದನ್ನು ಬರೆದಿದ್ದರು; ಅದನ್ನು ಓದಿದೊಡನೆ ಅವಳ ಮುಖ ಅರಳಿತು. ಅಲ್ಲಿಯೂ ಅದಕ್ಕೆ ಹತ್ತಿರದ ಹೆಸರೇ. ಅವಳು ಯಾರಿಗೋ ದೂರವಾಣಿಯಲ್ಲಿ ಕೇಳಿ, ಒಂದು ಚಿಕ್ಕ ಡಬ್ಬಿಯನ್ನು ಕೊಟ್ಟಳು. ಆ ದಿನ ನಮ್ಮ ಪಾಲಿಗೆ ಸರಿಯಾಗಿ ನಡೆದ ಮೊದಲನೆಯ ಕೆಲಸವದು. ಆದರೆ ಇಷ್ಟರಲ್ಲಿ ಹನ್ನೆರಡು ಗಂಟೆಯಾಗಿತ್ತು.

ಕೆಲೂಶಿಗೆ ಹೋಗುವ ರೈಲು ರೊಸಿಯೊ ಎಂಬ ನಿಲ್ದಾಣದಿಂದ ಹೊರಡುತ್ತದೆ. ಕುದುರೆಯ ಲಾಳದ ಆಕಾರದ ಎರಡು ದೊಡ್ಡ ಬಾಗಿಲುಗಳಿರುವ ಚೆಲುವಾದ ಕಟ್ಟಡ. ನೆಲದೊಳಗಿನ ರೈಲಿನಿಂದ ಅಲ್ಲಿಗೆ ಮುಟ್ಟುವದೇನೋ ಸುಲಭವಾಯಿತು. ಆದರೆ ಒಳಗೆ ರೈಲುನೌಕರರ ಮುಷ್ಕರ! ಫಲಕದ ಮೇಲೆ ಒಂದೊಂದು ಗಾಡಿಯ ಮುಂದೆಯೂ ಒಂದೇ ಶಬ್ದ ಕೆಂಪಗೆ ಹೊಳೆಯುತ್ತಿತ್ತು. ಪೋರ್ತುಗೀಜ ಬಾರದವರಿಗೂ ಅದರ ಅರ್ಥ ತಿಳಿಯುವಂತಿತ್ತು. ನೌಕರರಿಗೂ ಪಗಾರದ ಕಷ್ಟವಿರುತ್ತದೆ, ಅವರನ್ನು ಬಯ್ಯುವಂತಿಲ್ಲ. ಆದರೂ ಇಡೀ ವರ್ಷದಲ್ಲಿ ಈ ದಿನವೇ ಆಗಬೇಕೇ ಎಂದು ಮನಸ್ಸು ಕುದಿಯಿತು. ಅಲ್ಲಿದ್ದ ಕಾವಲುಗಾರನು ಕೈಸನ್ನೆಯಿಂದ ಬೇರೊಂದು ದಾರಿ ಹೇಳಿದನು: ಪಕ್ಕದ ರೆಸ್ತೌರದೋರೆಶ್ ನಿಲ್ದಾಣದಿಂದ ನೀಲಿ ಗೆರೆಯ ಪಾತಾಳರೈಲು ಹಿಡಿದು ಕೊನೆಯ ನಿಲ್ದಾಣವಾದ ರೆಬೊಲೈರಕ್ಕೆ ಹೋಗುವದು, ಅಲ್ಲಿಂದ ಬಸ್ಸು.

ಹೊರಗೆ ಬಂದರೆ ಮಳೆ. ಲಿಸ್ಬನ್ನಿನ ಕಾಲುದಾರಿಗಳಿಗೆಲ್ಲ ಸುಣ್ಣಗಲ್ಲಿನ ಚಿಕ್ಕ ಚಿಕ್ಕ ತುಂಡುಗಳನ್ನು ಜೋಡಿಸಿ ಕಪ್ಪುಬಿಳುಪಿನ ಚಿತ್ತಾರ ತೆಗೆದಿದ್ದಾರೆ. ರೊಸಿಯೊ ಚೌಕದಲ್ಲಿಯಂತೂ ನೆಲವೇ ತೆರೆಗಳಂತೆ ಕಾಣುತ್ತದೆ. ಒಣಗಿದಾಗ ನೋಡಲು ಬಲು ಸೊಗಸು. ನೆನೆದಾಗ ಎಣ್ಣೆ ಸವರಿದ ಹಾಸುಗಲ್ಲು. ತೆರೆಗಳ ನಡುವೆ ನಾವು ಜಾರಿದೆವು. ಎಲುಬು ಉಳಿಯಿತು, ಎಡಗಾಲಿನ ಚಪ್ಪಲಿಯ ಉಂಗುಷ್ಠ ಹರಿಯಿತು. ಕೊಡೆಯು ಪೆಟ್ಟಿಗೆಯಲ್ಲಿ ದೇಶಸಂಚಾರ ಮಾಡುತ್ತಿತ್ತಷ್ಟೆ. ಕೈವಸ್ತ್ರದಿಂದ ಚಪ್ಪಲಿಯನ್ನು ಕಾಲಿಗೆ ಕಟ್ಟಿಕೊಂಡು, ಸೀರೆಯ ನಿರಿಗೆಗಳನ್ನೆತ್ತಿ ಹಿಡಿದು ನಡೆದೆವು. ನಮ್ಮನ್ನು ನೋಡಿ ನಕ್ಕವರೂ ಇದ್ದರು. ಕೈಹಿಡಿದು ರಸ್ತೆ ದಾಟಿಸಿದವರೂ ಇದ್ದರು.

ರೆಬೊಲೈರವನ್ನು ಮುಟ್ಟಿದಾಗ ಮೂರು ಗಂಟೆ. ಮುಷ್ಕರದ ದೆಸೆಯಿಂದ ಊರಿಗೆ ಊರೇ ಬಸ್ಸಿನ ಕಂಬದ ಬಳಿ ನೆರೆದಿತ್ತು. ಮೊದಲನೆಯ ಬಸ್ಸು ತುಂಬಿಕೊಂಡು ನಿಲ್ಲದೆ ಹೋಯಿತು, ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಕಾಲಿಡಲು ಎಡೆ ಸಿಕ್ಕಿತು. ಆದರೆ ಅಮದೋರದ ಹತ್ತಿರ ಅದು ಕೆಟ್ಟು ನಿಂತು, ಎಲ್ಲರನ್ನೂ ಮಳೆಯಲ್ಲಿಳಿಸಿತು. ಗಡಿಯಾರ ನೋಡಿದೆವು: ನಾಲ್ಕು ಗಂಟೆ ಹತ್ತು ನಿಮಿಷ. ಬೆಳಗಾವಿಯಲ್ಲಿ ಆಗ ರಾತ್ರಿ ಒಂಬತ್ತು ನಲವತ್ತು. ಓಣಿಯವರು ಉಂಡು ಮಲಗುವ ಹೊತ್ತು. ಅಲ್ಲಿಯೇ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತು ನಾವು ಅತ್ತೆವೆಂಬುದನ್ನು ಮುಚ್ಚಿಡುವದೇಕೆ? ಹಸಿವಿನಿಂದಲ್ಲ, ಚಳಿಯಿಂದಲ್ಲ. ಸಾವಿರಾರು ಮೈಲಿ ಬಂದ ಮೇಲೆ ಕೊನೆಯ ಎರಡು ಮೈಲಿಯಲ್ಲಿ ಸೋಲುವದು ಮನುಷ್ಯನಿಗೆ ಬಹಳ ಕಷ್ಟವಾಗಿ ತೋರುತ್ತದೆ. ಅತ್ತ ತರುವಾಯ, ದಾರಿ ಕೇಳುತ್ತ ನಡೆದೇ ಹೋದೆವು.

ಶುಶ್ರೂಷಾಗೃಹದ ಬಾಗಿಲು ಸಿಕ್ಕಿದಾಗ ಐದು ಗಂಟೆ ಇಪ್ಪತ್ತು ನಿಮಿಷ. ಬಾಗಿಲು ಮುಚ್ಚಿತ್ತು. ಗಂಟೆಯನ್ನೊತ್ತಿದಾಗ ನೀಲಿ ಅಂಗಿಯ ಒಬ್ಬ ದಪ್ಪನೆಯ ಹೆಂಗಸು ಗಾಜಿನೊಳಗಿನಿಂದಲೇ ಗೋಡೆಯ ಗಡಿಯಾರವನ್ನು ತೋರಿಸಿ ತಲೆಯಾಡಿಸಿದಳು. ಸಖಿಯ ಹೆಸರು ಬರೆದ ಕಾಗದವನ್ನು ಗಾಜಿಗೆ ಹಿಡಿದೆವು. ಅವಳು ಬಾಗಿಲನ್ನು ಸ್ವಲ್ಪ ತೆರೆದು ಪೋರ್ತುಗೀಜದಲ್ಲಿ ಏನೇನೋ ಹೇಳಿದಳು. ಆ ಮಾತಿನ ಪ್ರವಾಹದಲ್ಲಿ ಒಂದು ಶಬ್ದ ನಮ್ಮ ಕಿವಿಗೆ ಬಿತ್ತು: "ಶಾವ್". ಅವಳ ಕೈ ಸೊಂಟದ ಬೀಗದ ಕೈಗಳ ಗೊಂಚಲಿನ ಮೇಲಿತ್ತು. "ಚಾವಿ!" ಎಂದೆವು ನಾವು. ಅವಳು ಬೆರಗಾಗಿ ನೋಡಿದಳು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ನೆನೆಯಬೇಕು. ನಮ್ಮ ಭಾಗದಲ್ಲಿ ದಿನಾಲು ಆಡುವ ಎಷ್ಟೋ ಮಾತುಗಳು ಪೋರ್ತುಗೀಜರಿಂದ ಬಂದವುಗಳಾಗಿವೆ. ಚಾವಿ, ಪಗಾರ, ಬಟಾಟೆ, ಬಾಲ್ದಿ, ಅಲಮಾರು, ಟುವಾಲು, ಲಿಲಾವು, ಮೇಸ್ತ್ರಿ, ಪಾದ್ರಿ, ಪೇರಲ, ಅನಾನಸು ಇವೆಲ್ಲ ಗೋವೆಯ ಘಟ್ಟವನ್ನೇರಿ ಸುಂಕ ಕೊಡದೆ ಬಂದ ಸರಕುಗಳು. ಲಿಸ್ಬನ್ನಿನವರು ಈಗ ಶಾವ್ ಎನ್ನುವದನ್ನು ಹದಿನಾರನೆಯ ಶತಮಾನದಲ್ಲಿ ಚಕಾರದಿಂದಲೇ ಉಚ್ಚರಿಸುತ್ತಿದ್ದರು. ಆ ಹಳೆಯ ಉಚ್ಚಾರವನ್ನು ನಾವು ಕಾಪಾಡಿಕೊಂಡು ಬಂದಿದ್ದೇವೆ. ವ್ಯಾಕರಣವಿಲ್ಲದೆ, ವಿಭಕ್ತಿಯಿಲ್ಲದೆ ನಾವು ಆ ಶಬ್ದಗಳನ್ನೇ ಒಂದೊಂದಾಗಿ ಅವಳ ಮುಂದೆ ಇಟ್ಟೆವು. ಒದ್ದೆಯಾದ ಸೆರಗನ್ನು ತೋರಿಸಿ "ಟುವಾಲು" ಎಂದೆವು. "ತುಆಲ್ಯ!" ಎಂದು ಅವಳು ಗಟ್ಟಿಯಾಗಿ ನಕ್ಕು, ನಮ್ಮನ್ನು ಒಳಗೆ ಎಳೆದುಕೊಂಡು, ಒಂದು ದಪ್ಪ ಟುವಾಲನ್ನು ತಲೆಯ ಮೇಲೆ ಹಾಕಿದಳು. "ಗೋವಾ?" ಎಂದು ಕೇಳಿದಳು. "ಗೋವಾದ ಹತ್ತಿರ" ಎಂಬುದನ್ನು ಬೆರಳುಗಳಿಂದ ತಿಳಿಸಿದೆವು. ಅವಳು ತನ್ನ ಎದೆಯನ್ನು ಮುಟ್ಟಿಕೊಂಡು "ಕಾಬೊ ವೆರ್ದ್" ಎಂದಳು. 1975 ರ ವರೆಗೆ ಪೋರ್ತುಗೀಜರ ಕೈಯಲ್ಲಿದ್ದ ಕೇಪ್ ವರ್ಡ್ ದ್ವೀಪಗಳವಳು. ಅಲ್ಲಿಂದ ಬಂದು ದುಡಿಯುವ ಹೆಂಗಸರು ಆ ಹೊರವಲಯದಲ್ಲಿ ಬಹುಮಂದಿ ಇದ್ದಾರೆ. ಒಂದೇ ದೊರೆಯ ಮನೆಯ ಮುರಿದ ಶಬ್ದಗಳಿಂದ ನಾವಿಬ್ಬರೂ ನೆಂಟರಾದೆವು. ಅವಳು ಎರಡೂ ಕೈಯ ಬೆರಳುಗಳನ್ನು ಎತ್ತಿ ತೋರಿಸಿದಳು: ಹತ್ತು ನಿಮಿಷ. ಮತ್ತು ಚಾವಿ ತಿರುಗಿಸಿದಳು.

ನಮ್ಮ ಸಖಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಕೂದಲೆಲ್ಲ ನೆರೆತು ಮೈ ಬಡವಾಗಿತ್ತು. ನಮ್ಮನ್ನು ಬಹಳ ಹೊತ್ತು ನೋಡಿದಳು. ಗುರುತು ಹತ್ತಲಿಲ್ಲವೆಂದು ಎದೆ ಕುಸಿಯಿತು. ತೋರಿಸೋಣವೆಂದರೆ ಛಾಯಾಚಿತ್ರವೂ ಇರಲಿಲ್ಲ. ಆಗ ಅವಳ ದೃಷ್ಟಿ ನಮ್ಮ ಕಾಲಿನ ಕಡೆಗೆ, ಕೈವಸ್ತ್ರ ಕಟ್ಟಿದ ಆ ಚಪ್ಪಲಿಯ ಮೇಲೆ ಬಿತ್ತು. ಅವಳು ಹುಬ್ಬೇರಿಸಿ, ಅಚ್ಚ ಬೆಳಗಾವಿಯ ಮಾತಿನಲ್ಲಿ, "ಮತ್ತ ಚಪ್ಪಲಿ ಹರಕೊಂಡೇನ? ಗಂಟಿ ಬಾರಿಸಿದ ಮ್ಯಾಲೇನ ಸಾಲಿಗೆ ಬರೋದು?" ಎಂದಳು. ಐದು ವರ್ಷಗಳಿಂದ ಅವಳನ್ನು ನೋಡಿಕೊಂಡಿದ್ದ ಆ ಕೇಪ್ ವರ್ಡಿನ ಹೆಂಗಸು ಅಂಥ ಭಾಷೆಯನ್ನು ಅವಳ ಬಾಯಿಂದ ಎಂದೂ ಕೇಳಿರಲಿಲ್ಲವಂತೆ. ಮರುದಿನ ಮಗಳು ಲಂಡನ್ನಿನಿಂದ ದೂರವಾಣಿಯಲ್ಲಿ ನಮಗೆ ಹೇಳಿದಳು. ನಾವು ಅವಳ ಕೈ ಹಿಡಿದು ಕುಳಿತೆವು. ಏನು ಮಾತಾಡಿದೆವೆಂದರೆ, ಬಾವಿಯ ಮಾತು, ವಸತಿಗೃಹದ ಬೇಳೆಯ ಸಾರಿನ ಮಾತು, ಲೋಂಡಾದ ರೈಲಿನ ಮಾತು. ಹತ್ತು ನಿಮಿಷ ಇಪ್ಪತ್ತಾಯಿತು. ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಳು, ಗಡಿಯಾರವನ್ನು ನೋಡಲಿಲ್ಲ.

ಪೆಟ್ಟಿಗೆಯೂ ಕೈಚೀಲವೂ ಮೂರನೆಯ ದಿನ ಬಂದವು; ಛಾಯಾಚಿತ್ರವನ್ನೂ ಕೊಟ್ಟೆವು. ಆದರೆ ಆ ದಿನ ಅವಳಿಗೆ ನಮ್ಮ ಗುರುತು ಹತ್ತಲಿಲ್ಲ. ಚಿತ್ರದ ಹುಡುಗಿಯರನ್ನು ನೋಡಿ, "ಚಂದ ಅದಾರ" ಎಂದಷ್ಟೇ ಅಂದಳು. ಮರುವರ್ಷದ ಮಳೆಗಾಲದಲ್ಲಿ ಅವಳು ತೀರಿಕೊಂಡ ವಾರ್ತೆ ರಾಮತೀರ್ಥನಗರಕ್ಕೆ ಬಂದಿತು. ಅಂದು ಮುಷ್ಕರವನ್ನು ಕಂಡು ನಾಳೆ ಹೋಗೋಣವೆಂದು ನಾವು ಹಿಂದಿರುಗಿದ್ದರೆ, ಆ ಇಪ್ಪತ್ತು ನಿಮಿಷಗಳು ನಮಗೆ ಸಿಕ್ಕುತ್ತಿರಲಿಲ್ಲ.

ಆದಕಾರಣ, ಪ್ರಿಯ ಸೋದರಿಯರೇ, ಒಬ್ಬರೇ ಪ್ರವಾಸ ಹೊರಡುವಾಗ ಕೆಲವು ಮಾತುಗಳನ್ನು ನೆನಪಿನಲ್ಲಿಡಿರಿ. ಹಣವನ್ನು ಎರಡು ಕಡೆ ಇಟ್ಟುಕೊಳ್ಳಿರಿ. ಅದರಲ್ಲಿ ಒಂದು ಭಾಗ ಮೈಮೇಲೆಯೇ ಇರಲಿ. ಔಷಧದ ಮೂಲ ಹೆಸರನ್ನು ಬರೆಯಿಸಿಕೊಳ್ಳಿರಿ. ಕಂಪನಿಯ ಹೆಸರು ಗಡಿ ದಾಟುವದಿಲ್ಲ. ಹೋಗಬೇಕಾದ ವಿಳಾಸವನ್ನು ಆ ದೇಶದ ಲಿಪಿಯಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ; ಕಾಗದಕ್ಕೆ ವಿದ್ಯುಚ್ಛಕ್ತಿ ಬೇಕಾಗುವದಿಲ್ಲ. ಅಪಾಯದ ಕರೆಗೆ ಯುರೋಪಿನ ಒಕ್ಕೂಟದಲ್ಲೆಲ್ಲ 112 ಎಂಬ ಸಂಖ್ಯೆಯುಂಟು. ನಮ್ಮ ದೇಶದಲ್ಲಿಯೂ ಅದೇ ಸಂಖ್ಯೆ ಬಂದಿದೆ. ದಾರಿ ಕೇಳಬೇಕಾದಾಗ ದುಡಿದು ಮನೆಗೆ ಹೋಗುತ್ತಿರುವ ಹೆಂಗಸರನ್ನು ಕೇಳಿರಿ. ಅಳು ಬಂದರೆ ಒಂದು ಮಾಡಿನ ಕೆಳಗೆ ನಿಂತು ಅತ್ತುಬಿಡಿರಿ. ಅದಕ್ಕೆ ಐದು ನಿಮಿಷ ಸಾಕು. ತರುವಾಯ ನಡೆಯಿರಿ.